ಕೌಂಟ್ ಯಾಕೆ ಕಮ್ಮಿ ಅಂತ ಯಾರೂ ಕೇಳಲಿಲ್ಲ

ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗಲಿಲ್ಲ. ಸ್ಕ್ಯಾನು, ಟ್ಯೂಬ್ ಟೆಸ್ಟು, ಹರಕೆ, ಉಪವಾಸ ಎಲ್ಲವೂ ನನ್ನ ಹೆಂಡತಿಗೇ. ನನ್ನ ವೀರ್ಯ ಪರೀಕ್ಷೆ ಮಾಡಿಸಿ ಅಂತ ಯಾರೂ ಹೇಳಲಿಲ್ಲ. ನಾನಾಗಿ ಹೋಗಲೂ ಇಲ್ಲ. ಅವಳು ಪಟ್ಟ ಪಾಡು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೊನೆಗೆ ಮಾಡಿಸಿದೆ. ಒಂದು ಎಂಎಲ್‌ಗೆ ಕನಿಷ್ಠ 1.6 ಕೋಟಿ ವೀರ್ಯಾಣು ಇರಬೇಕು ಎನ್ನುತ್ತಾರೆ. ನನ್ನದು 40 ಲಕ್ಷ. ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರಾನ್ ಕೂಡ ಕಮ್ಮಿ. ಮೊದಲು ಹೋದ ಕ್ಲಿನಿಕ್ಕಿನಲ್ಲಿ ಅದರದೇ ಇಂಜೆಕ್ಷನ್ ಕೊಟ್ಟರು. ಮೈಗೆ ಸ್ವಲ್ಪ ಚುರುಕು ಬಂತು. ನಾಲ್ಕು ತಿಂಗಳಾದ ಮೇಲೆ ನೋಡಿದರೆ ಕೌಂಟ್ ಸೊನ್ನೆ.

ಆಮೇಲೆ ಸಿಕ್ಕ ಹಾರ್ಮೋನ್ ಡಾಕ್ಟರು ಮೊದಲು ಆ ಇಂಜೆಕ್ಷನ್ ನಿಲ್ಲಿಸಿದರು. ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಮೆದುಳಿನ ಕೆಳಗೆ ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿ ಇದೆ. ಅದು ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳನ್ನು ಕಳಿಸಿದರೆ ಮಾತ್ರ ವೃಷಣ ಕೆಲಸ ಮಾಡುತ್ತದೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ, ರಕ್ತದಲ್ಲಿ ಬೇಕಾದಷ್ಟಿದೆ ಅಂತ ಪಿಟ್ಯುಟರಿ ಸುಮ್ಮನಾಗುತ್ತದೆ. ಆಗ ವೀರ್ಯಾಣು ತಯಾರಾಗುವುದೇ ನಿಂತುಹೋಗಬಹುದು. ಜಿಮ್‌ನಲ್ಲಿ ಇದೇ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಹುಡುಗರಿಗೆ ಇದನ್ನು ಯಾರಾದರೂ ಹೇಳಬೇಕಲ್ವಾ?

ನಂತರ ಕೇಳಿದರು: ತಲೆನೋವು ಬರುತ್ತಾ? ಲೈಂಗಿಕ ಆಸೆ ಕಮ್ಮಿಯಾಗಿದೆಯಾ? ಗಡ್ಡ ಮೊದಲಿನಷ್ಟು ಬೇಗ ಬೆಳೆಯುತ್ತಾ? ಇವೆಲ್ಲ ವರ್ಷಗಳಿಂದ ಇದ್ದವು. ಕೆಲಸದ ಸುಸ್ತು ಅಂದುಕೊಂಡಿದ್ದೆ. ರಕ್ತ ಪರೀಕ್ಷೆಯಲ್ಲಿ, ಪಿಟ್ಯುಟರಿಯಿಂದಲೇ ಬರುವ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಹತ್ತು ಪಟ್ಟು ಜಾಸ್ತಿ ಬಂತು. ಎಂಆರ್‌ಐನಲ್ಲಿ ಪಿಟ್ಯುಟರಿ ಮೇಲೆ 8 ಮಿಲಿಮೀಟರಿನ ಗಂಟು. ಗಂಟು ಅಂದ ಕೂಡಲೇ ಕೈ ತಣ್ಣಗಾಯಿತು. ಈ ಗಂಟೇ ಪ್ರೊಲ್ಯಾಕ್ಟಿನ್ ಹೆಚ್ಚಿಸಿ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನು ತಗ್ಗಿಸಿದೆ, ಇದು ಕ್ಯಾನ್ಸರ್ ಅಲ್ಲ, ಇಂಥ ಗಂಟಿಗೆ ಹೆಚ್ಚಾಗಿ ಆಪರೇಷನ್ ಬೇಕಾಗುವುದಿಲ್ಲ ಎಂದರು.

ಪ್ರೊಲ್ಯಾಕ್ಟಿನ್ ಇಳಿಸುವ ಕ್ಯಾಬರ್ಗೋಲಿನ್ ಮಾತ್ರೆ ಕೊಟ್ಟರು, ವಾರಕ್ಕೆ ಎರಡು ಸಲ. ಶುರುವಿನಲ್ಲಿ ತಲೆ ಸುತ್ತುತ್ತಿತ್ತು. ರಾತ್ರಿ ಊಟವಾದ ಮೇಲೆ ತೆಗೆದುಕೊಂಡೆ, ಸರಿಹೋಯಿತು. ಎರಡು ತಿಂಗಳಲ್ಲಿ ಪ್ರೊಲ್ಯಾಕ್ಟಿನ್ ಇಳಿಯಿತು. ಕೌಂಟ್ ಮಾತ್ರ ನಿಧಾನ. ವೀರ್ಯಾಣು ತಯಾರಾಗಲು ಸುಮಾರು ಮೂರು ತಿಂಗಳು ಬೇಕು, ಅವಸರದಲ್ಲಿ ಪದೇ ಪದೇ ಟೆಸ್ಟ್ ಮಾಡಿಸಬೇಡಿ ಅಂದಿದ್ದರು. ಒಂಬತ್ತನೇ ತಿಂಗಳಿಗೆ 2 ಕೋಟಿ ದಾಟಿತು.

ಆ ರಿಪೋರ್ಟ್ ಹಿಡಿದು ಊರಿಗೆ ಹೋದೆ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮ್ಮನಿಗೆ ಹೇಳಿದೆ, ‘ಇಷ್ಟು ದಿನ ತೊಂದರೆ ಇದ್ದದ್ದು ನನಗೆ, ಅವಳಿಗಲ್ಲ.’