‘ಎಂಬ’ ಇಟ್ಟು ನೋಡಿ: ನಾಮಪದದ ನಂತರದ ‘ದಟ್’ ನಾನು ಕಲಿಸುವ ಬಗೆ

ಪದವಿ ತರಗತಿಗಳಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಎದುರು ಕೂತವರಲ್ಲಿ ಜಾಸ್ತಿ ಮಂದಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ‘ಐ ಥಿಂಕ್ ದಟ್’, ‘ಹಿ ಸೆಡ್ ದಟ್’ ಇವರಿಗೆ ಕಷ್ಟವೇನಲ್ಲ. ಕ್ರಿಯಾಪದ ಆದಮೇಲೆ ದಟ್ ಬಂದರೆ ಸಲೀಸಾಗಿ ಬರೆಯುತ್ತಾರೆ. ನಾಮಪದ ಆದಮೇಲೆ ಬರಬೇಕಾದಾಗ ಪೆನ್ನು ನಿಲ್ಲುತ್ತದೆ. ‘ದ ನ್ಯೂಸ್ ದಟ್’, ‘ದ ಫಿಯರ್ ದಟ್’, ‘ದ ಫ್ಯಾಕ್ಟ್ ದಟ್’ ಓದಿದರೆ ಅರ್ಥವಾಗುತ್ತದೆ, ಆದರೆ ಬರೆಯುವಾಗ ಕೈಗೆ ಬರುವುದಿಲ್ಲ. ಆಗ ‘ಅಬೌಟ್’ ಹಾಕಿ ಪಾರಾಗುತ್ತಾರೆ: ‘ದ ನ್ಯೂಸ್ ಅಬೌಟ್ ಹಿಸ್ ರೆಸಿಗ್ನೇಷನ್’. ತಪ್ಪಲ್ಲ. ಆದರೆ ಹೇಳಬೇಕಾದ ಮಾತು ಸ್ವಲ್ಪ ಉದ್ದವಾದರೆ ಅಬೌಟ್ ಕೈಕೊಡುತ್ತದೆ.

ಶಾಲೆಯ ವ್ಯಾಕರಣದಲ್ಲಿ ಇದಕ್ಕೆ ‘ನೌನ್ ಕ್ಲಾಜ್ ಇನ್ ಅಪೊಸಿಷನ್’ ಅಂತ ಹೆಸರು. ಆ ಹೆಸರು ಕೇಳಿದರೇ ಅರ್ಧ ಕ್ಲಾಸು ಕಿಟಕಿ ಕಡೆ ನೋಡುತ್ತದೆ. ಡೆನ್ಮಾರ್ಕಿನ ವ್ಯಾಕರಣಕಾರ ಒಟ್ಟೊ ಯೆಸ್ಪರ್ಸನ್ ಇಂಥ ಉಪವಾಕ್ಯಗಳನ್ನು ‘ಕಂಟೆಂಟ್ ಕ್ಲಾಜ್’, ಅಂದರೆ ವಿಷಯ ಹೇಳುವ ಉಪವಾಕ್ಯ, ಎಂದು ಕರೆದರು. ಅದು ನನಗೆ ಹೆಚ್ಚು ಇಷ್ಟ. ಸುದ್ದಿ ಅಂದರೆ ಏನು ಸುದ್ದಿ? ಭಯ ಅಂದರೆ ಏನು ಭಯ? ಆ ‘ಏನು’ ಅನ್ನೋದಕ್ಕೆ ಉತ್ತರವೇ ಉಪವಾಕ್ಯ. ಆದರೂ ಕ್ಲಾಸಿನಲ್ಲಿ ನಾನು ಯಾವ ಹೆಸರಿನಿಂದಲೂ ಶುರು ಮಾಡುವುದಿಲ್ಲ. ಬೋರ್ಡಿನ ಮೇಲೆ ಎರಡು ಸಾಲು ಬರೆಯುತ್ತೇನೆ.

ದ ನ್ಯೂಸ್ ದಟ್ ಹಿ ಟೋಲ್ಡ್ ಅಸ್.
ದ ನ್ಯೂಸ್ ದಟ್ ಹಿ ರಿಸೈನ್ಡ್.

ಕನ್ನಡದಲ್ಲಿ ಹೇಳಿ ಅಂದರೆ ಯಾರೂ ತಡವರಿಸುವುದಿಲ್ಲ. ಮೊದಲನೆಯದು ‘ಅವನು ನಮಗೆ ಹೇಳಿದ ಸುದ್ದಿ’. ಎರಡನೆಯದು ‘ಅವನು ರಾಜೀನಾಮೆ ಕೊಟ್ಟ ಎಂಬ ಸುದ್ದಿ’. ಎರಡನೆಯದರಲ್ಲಿ ‘ಎಂಬ’ ತಾನಾಗಿ ಬಂತು, ಮೊದಲನೆಯದರಲ್ಲಿ ಬರಲಿಲ್ಲ. ‘ಅವನು ನಮಗೆ ಹೇಳಿದ ಎಂಬ ಸುದ್ದಿ’ ಅಂದರೆ ಅರ್ಥವೇ ಬೇರೆ. ಇಂಗ್ಲಿಷ್ ಎರಡು ಕಡೆಯೂ ಒಂದೇ ದಟ್ ಇಟ್ಟುಕೊಂಡು ಒಳಗೊಳಗೇ ಎರಡು ಕೆಲಸ ಮಾಡಿಸುತ್ತದೆ. ಕನ್ನಡ ಅದನ್ನು ಬಾಯಿಬಿಟ್ಟು ಹೇಳುತ್ತದೆ. ಇದನ್ನೇ ನಾನು ಹಿಡಿದುಕೊಂಡಿದ್ದೇನೆ. ಇಂಗ್ಲಿಷ್ ವಾಕ್ಯದಲ್ಲಿ ನಾಮಪದದ ಪಕ್ಕ ದಟ್ ಕಂಡರೆ, ಮನಸ್ಸಿನಲ್ಲಿ ‘ಎಂಬ’ ಇಟ್ಟು ನೋಡಿ. ಕೂತರೆ ಅಲ್ಲಿ ‘ವಿಚ್’ ಹಾಕುವ ಹಾಗಿಲ್ಲ. ‘ದ ನ್ಯೂಸ್ ವಿಚ್ ಹಿ ಟೋಲ್ಡ್ ಅಸ್’ ಸರಿ, ‘ದ ನ್ಯೂಸ್ ವಿಚ್ ಹಿ ರಿಸೈನ್ಡ್’ ಆಗುವುದಿಲ್ಲ. ಉತ್ತರ ಪತ್ರಿಕೆಗಳಲ್ಲಿ ‘ದ ಫ್ಯಾಕ್ಟ್ ವಿಚ್ ಹಿ ಈಸ್ ಪೂರ್’ ಅಂತ ಬರುತ್ತಲೇ ಇತ್ತು. ‘ಎಂಬ’ ಹೇಳಿಕೊಟ್ಟ ಮೇಲೆ ಬಹಳ ಕಡಿಮೆಯಾಯಿತು.

ಬರೆಯಲು ಕಲಿಸುವಾಗ ದಿಕ್ಕು ತಿರುಗಿಸುತ್ತೇನೆ. ಕನ್ನಡ ಪತ್ರಿಕೆ ತರಿಸಿ ‘ಎಂಬ’, ‘ಎನ್ನುವ’ ಇರುವ ಸಾಲುಗಳಿಗೆ ಗೆರೆ ಎಳೆಯಿರಿ ಅನ್ನುತ್ತೇನೆ. ಒಂದೇ ಪುಟದಲ್ಲಿ ಬೇಕಾದಷ್ಟು ಸಿಗುತ್ತವೆ. ಕನ್ನಡದಲ್ಲಿ ಮೊದಲು ವಿಷಯ, ಆಮೇಲೆ ಎಂಬ, ಕೊನೆಗೆ ನಾಮಪದ. ಇಂಗ್ಲಿಷಿನಲ್ಲಿ ಪೂರ್ತಿ ಉಲ್ಟಾ. ಹಾಗಾಗಿ ಎಂಬ ಆದಮೇಲಿನ ಪದವನ್ನು ಎಳೆದು ಮೊದಲು ಬರೆಯಬೇಕು, ಆಮೇಲೆ ದಟ್, ಆಮೇಲೆ ಕರ್ತೃವಿನಿಂದ ಹೊಸದಾಗಿ ಶುರು. ‘ಪರೀಕ್ಷೆ ಮುಂದಕ್ಕೆ ಹೋಗುತ್ತದೆ ಎಂಬ ವದಂತಿ’: ‘ಎ ರೂಮರ್ ದಟ್ ದ ಎಕ್ಸಾಮ್ ವಿಲ್ ಬಿ ಪೋಸ್ಟ್‌ಪೋನ್ಡ್’. ಇಂಥ ವದಂತಿಯ ಉದಾಹರಣೆ ಕೊಟ್ಟರೆ ಹಿಂದಿನ ಬೆಂಚೂ ಎದ್ದು ಕೂರುತ್ತದೆ.

ಆದರೆ ‘ಎಂಬ’ ಎಲ್ಲ ಕಡೆ ದಟ್ ಆಗುವುದಿಲ್ಲ. ‘ಮಂಜ ಎಂಬ ಹುಡುಗ’ ಅನ್ನುವಲ್ಲಿ ದಟ್‌ಗೆ ಕೆಲಸವಿಲ್ಲ, ಅಲ್ಲಿ ‘ಕಾಲ್ಡ್’ ಅಥವಾ ‘ನೇಮ್ಡ್’ ಸಾಕು. ಇದು ಸುಲಭ, ಒಮ್ಮೆ ಹೇಳಿದರೆ ಮುಗಿಯಿತು. ಕಷ್ಟ ಇರುವುದು ಪ್ರಶ್ನೆಗಳಲ್ಲಿ. ನಾವು ‘ದುಡ್ಡು ಯಾರು ಕೊಡುತ್ತಾರೆ ಎಂಬ ಪ್ರಶ್ನೆ’ ಅನ್ನುತ್ತೇವೆ. ಮಕ್ಕಳು ‘ದ ಕ್ವೆಶ್ಚನ್ ದಟ್ ಹೂ ವಿಲ್ ಪೇ’ ಅಂತ ಬರೆಯುತ್ತಾರೆ. ಹೂ, ವೇರ್, ಹೌ ಇದ್ದಲ್ಲಿ ದಟ್ ಜೊತೆಗೆ ನಿಲ್ಲುವುದಿಲ್ಲ. ‘ದ ಕ್ವೆಶ್ಚನ್ ಆಫ್ ಹೂ ವಿಲ್ ಪೇ’ ಅನ್ನಬೇಕು. ‘ಹೌದೋ ಅಲ್ಲವೋ’ ಅನ್ನುವ ಪ್ರಶ್ನೆಯಾದರೆ ‘ವೆದರ್’. ಇನ್ನು ಕೆಲವು ಕಡೆ ಇಂಗ್ಲಿಷಿನಲ್ಲಿ ದಟ್ ಬೇಕು, ಕನ್ನಡದಲ್ಲಿ ಎಂಬ ಬರುವುದಿಲ್ಲ. ‘ಮಳೆ ಬರುವ ಸಾಧ್ಯತೆ’ ಅನ್ನುತ್ತೇವೆ, ‘ಮಳೆ ಬರುತ್ತದೆ ಎಂಬ ಸಾಧ್ಯತೆ’ ಅನ್ನುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ‘ದ ಪಾಸಿಬಿಲಿಟಿ ದಟ್ ಇಟ್ ವಿಲ್ ರೇನ್’ ಸಹಜ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ನಾನು ನಿಲ್ಲುವುದು ಭರವಸೆಯ ವಾಕ್ಯದ ಮೇಲೆ. ‘ನಾನೇ ಬಂದು ದುಡ್ಡು ಕೊಡುತ್ತೇನೆ ಎಂಬ ಅವನ ಭರವಸೆ’. ಇದು ಕನ್ನಡದಲ್ಲಿ ಅಚ್ಚುಕಟ್ಟು. ಮಕ್ಕಳ ಇಂಗ್ಲಿಷಿನಲ್ಲಿ ‘ಹಿಸ್ ಪ್ರಾಮಿಸ್ ದಟ್ ಐ ವಿಲ್ ಕಮ್ ಅಂಡ್ ಪೇ’ ಆಗುತ್ತದೆ. ಈಗ ದುಡ್ಡು ಕೊಡಬೇಕಾದವರು ಯಾರು ಅಂತ ಕೇಳುತ್ತೇನೆ. ಬರೆದವನೇ ಕೊಡಬೇಕು! ಕ್ಲಾಸು ನಗುತ್ತದೆ, ಆದರೆ ಮುಂದಿನ ವಾರ ಅದೇ ವಾಕ್ಯ ಮತ್ತೆ ಬರುತ್ತದೆ. ಕಾರಣ ಇದೆ. ‘ಎಂಬ’ ಹುಟ್ಟಿದ್ದು ‘ಎನ್ನು’ ಎಂಬ ಕ್ರಿಯಾಪದದಿಂದ, ಅಂದರೆ ಹೇಳು. ಅದರ ಒಳಗೆ ಆಡಿದ ಮಾತು ಆಡಿದ ಹಾಗೇ ಇರಬಹುದು. ಇಂಗ್ಲಿಷಿನ ದಟ್ ಮೂಲದಲ್ಲಿ ತೋರಿಸುವ ಪದ, ನಮ್ಮ ‘ಅದು’ ಇದ್ದ ಹಾಗೆ. ಅದು ಮಾತನ್ನು ಒಪ್ಪಿಸುವುದಿಲ್ಲ, ವಿಷಯವನ್ನಷ್ಟೇ ತೋರಿಸುತ್ತದೆ. ಆ ವಿಷಯವನ್ನು ಈಗ ಹೇಳುತ್ತಿರುವವರ ಕಡೆಯಿಂದ ಹೇಳಬೇಕು. ಹಾಗಾಗಿ ‘ಐ’ ಹೋಗಿ ‘ಹಿ’, ‘ವಿಲ್’ ಹೋಗಿ ‘ವುಡ್’: ‘ಹಿಸ್ ಪ್ರಾಮಿಸ್ ದಟ್ ಹಿ ವುಡ್ ಕಮ್ ಅಂಡ್ ಪೇ’. ಪ್ರಾಮಿಸ್, ಥ್ರೆಟ್, ಕ್ಲೇಮ್, ಆನ್ಸರ್, ರಿಪ್ಲೈ ಇವೆಲ್ಲ ಮಾತಿಗೆ ಸಂಬಂಧಪಟ್ಟ ಪದಗಳು. ಈ ತೊಡಕು ಬರುವುದು ಇವುಗಳಲ್ಲೇ. ಫ್ಯಾಕ್ಟ್, ಚಾನ್ಸ್ ಜೊತೆ ಬರುವುದಿಲ್ಲ.

ಯಾವ ನಾಮಪದಕ್ಕೆ ದಟ್ ಹತ್ತುತ್ತದೆ ಅಂತ ಪಟ್ಟಿ ಕೊಡಿ ಸಾರ್ ಅನ್ನುತ್ತಾರೆ. ಕೊಡುವುದಿಲ್ಲ. ಬದಲಿಗೆ ಅದರ ಮೂಲ ಹುಡುಕಿ ಅನ್ನುತ್ತೇನೆ. ಬಿಲೀವ್ ದಟ್ ಇದೆ, ಆದ್ದರಿಂದ ಬಿಲೀಫ್ ದಟ್. ಸಜೆಸ್ಟ್‌ನಿಂದ ಸಜೆಷನ್, ಅನೌನ್ಸ್‌ನಿಂದ ಅನೌನ್ಸ್‌ಮೆಂಟ್. ಪಾಸಿಬಲ್‌ನಿಂದ ಪಾಸಿಬಿಲಿಟಿ, ಸರ್ಟನ್‌ನಿಂದ ಸರ್ಟನ್ಟಿ. ಈ ಹಾದಿ ಬಹಳ ದೂರ ಕರೆದೊಯ್ಯುತ್ತದೆ. ಫ್ಯಾಕ್ಟ್, ಐಡಿಯಾ, ನ್ಯೂಸ್, ಎವಿಡೆನ್ಸ್ ಥರದವನ್ನು ಮಾತ್ರ ಬಾಯಿಪಾಠ ಮಾಡಬೇಕು. ಎವಿಡೆನ್ಸ್‌ಗೆ ಬಹುವಚನದ ಎಸ್ ಹಚ್ಚಬೇಡಿ ಅಂತ ಒಂದು ಮಾತು ಸೇರಿಸುತ್ತೇನೆ, ನಮ್ಮ ಕಡೆ ಅದು ಸಾಮಾನ್ಯ. ಅಟೆಂಪ್ಟ್, ಎಬಿಲಿಟಿ, ಪರ್ಮಿಷನ್, ಆಪರ್ಚುನಿಟಿ ಈ ಗುಂಪಿಗೆ ಸೇರುವುದಿಲ್ಲ, ಅವಕ್ಕೆ ‘ಟು’ ಬೇಕು. ಚಾನ್ಸ್ ಎರಡೂ ಕಡೆ ಓಡಾಡುತ್ತದೆ. ‘ಎ ಚಾನ್ಸ್ ಟು ವಿನ್’ ಅಂದರೆ ಗೆಲ್ಲುವ ಅವಕಾಶ, ‘ಎ ಚಾನ್ಸ್ ದಟ್ ವಿ ವಿಲ್ ವಿನ್’ ಅಂದರೆ ಗೆಲ್ಲುವ ಸಾಧ್ಯತೆ. ಅನುಮಾನ ಬಂದರೆ ಕಲಿಯುವವರಿಗಾಗಿಯೇ ಮಾಡಿದ ನಿಘಂಟು ತೆರೆಯಬೇಕು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ಮುಂದಾಳತ್ವದಲ್ಲಿ ತಯಾರಾದ ಕೋಬಿಲ್ಡ್ ನಿಘಂಟು 1987ರಲ್ಲಿ ಬಂತು. ನಿಜವಾದ ಬಳಕೆಯ ಪಠ್ಯಗಳನ್ನು ಕಂಪ್ಯೂಟರಿಗೆ ತುಂಬಿ, ಯಾವ ಪದದ ಪಕ್ಕ ಏನು ಬರುತ್ತದೆ ಅಂತ ನೋಡಿ ಮಾಡಿದ್ದು. ಪದದ ಅರ್ಥದ ಜೊತೆಗೇ ಅದಕ್ಕೆ ದಟ್ ಹತ್ತುತ್ತದೋ ಇಲ್ಲವೋ ಅನ್ನುವುದೂ ಅದರಲ್ಲಿದೆ.

ಪದ ಸಿಕ್ಕಿದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ, ಇದನ್ನು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಜರ್ಮನಿಯ ಭಾಷಾವಿಜ್ಞಾನಿ ಹಾನ್ಸ್ ಯೋರ್ಗ್ ಶ್ಮಿಡ್ 2000ದಲ್ಲಿ ಇಂಥ ಪದಗಳನ್ನು ‘ಶೆಲ್ ನೌನ್’ ಎಂದು ವಿವರಿಸಿದರು. ಶೆಲ್ ಅಂದರೆ ಚಿಪ್ಪು. ಒಳಗಿನ ವಿಷಯವನ್ನು ಹಿಡಿದಿಡುವ ಚಿಪ್ಪು. ಚಿಪ್ಪು ಬದಲಾದರೆ ಒಳಗಿರುವುದರ ಬಣ್ಣವೂ ಬದಲಾಗುತ್ತದೆ. ‘ದ ಫ್ಯಾಕ್ಟ್ ದಟ್ ಹಿ ಟುಕ್ ಎ ಬ್ರೈಬ್’ ಅಂದರೆ ಲಂಚ ತಗೊಂಡಿದ್ದು ಖಚಿತ ಅಂತ ನೀವೇ ಒಪ್ಪಿದ ಹಾಗೆ. ‘ಅಲಿಗೇಷನ್ ದಟ್’ ಅಂದರೆ ಯಾರೋ ಆರೋಪ ಮಾಡಿದ್ದಾರೆ ಅಷ್ಟೇ. ‘ಕ್ಲೇಮ್ ದಟ್’ ಅಂದರೆ ಹೇಳಿದವರನ್ನು ನೀವು ಪೂರ್ತಿ ನಂಬಿಲ್ಲ. ದಟ್ ಆದಮೇಲಿನ ವಾಕ್ಯದಲ್ಲಿ ಒಂದಕ್ಷರವೂ ಬದಲಾಗಿಲ್ಲ, ನೋಡಿ. ಪತ್ರಿಕೋದ್ಯಮ ಓದುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಕನ್ನಡ ವರದಿಯಲ್ಲಿ ‘ಎಂಬ ಆರೋಪ’ ಅಂತ ಎಚ್ಚರದಿಂದ ಬರೆದಿರುತ್ತಾರೆ, ಇಂಗ್ಲಿಷಿಗೆ ತರುವಾಗ ಸುಮ್ನೆ ‘ದ ಫ್ಯಾಕ್ಟ್ ದಟ್’ ಹಾಕಿಬಿಡುತ್ತಾರೆ. ಫ್ಯಾಕ್ಟ್ ಬಾಯಿಗೆ ಬೇಗ ಬರುತ್ತದೆ ಅನ್ನುವುದೊಂದೇ ಕಾರಣ.

ಹಾಗೆ ಬೇಗ ಬರುವುದಕ್ಕೆ ಕಾರಣವೂ ಇಲ್ಲದಿಲ್ಲ. ‘ಡಿಸ್ಪೈಟ್ ದಟ್ ಹಿ ವಾಸ್ ಇಲ್’ ಎಂದು ಬರೆಯಲಾಗುವುದಿಲ್ಲ. ಡಿಸ್ಪೈಟ್, ಡ್ಯೂ ಟು ಮುಂತಾದವಕ್ಕೆ ನೇರವಾಗಿ ದಟ್ ಹತ್ತುವುದಿಲ್ಲ, ಮಧ್ಯೆ ‘ದ ಫ್ಯಾಕ್ಟ್’ ಊರಿ ದಾಟಬೇಕು. ಆದರೆ ಪ್ರತಿ ಸಲ ದಾಟಬೇಕಾಗಿಯೂ ಇಲ್ಲ. ‘ಡ್ಯೂ ಟು ದ ಫ್ಯಾಕ್ಟ್ ದಟ್’ ಕಂಡ ಕಡೆಯೆಲ್ಲ ‘ಬಿಕಾಸ್’ ಹಾಕಿ, ‘ಡಿಸ್ಪೈಟ್ ದ ಫ್ಯಾಕ್ಟ್ ದಟ್’ ಕಂಡಲ್ಲಿ ‘ಆಲ್‌ದೋ’ ಹಾಕಿ ಅನ್ನುತ್ತೇನೆ. ಸರ್ಕಾರಿ ಪತ್ರಗಳ ಇಂಗ್ಲಿಷ್ ಓದಿ ಬೆಳೆದವರಿಗೆ ಇದು ಸಪ್ಪೆ ಅನಿಸುತ್ತದೆ. ಅನಿಸಲಿ.

ಬೇಡಿಕೆಯ ಪದಗಳು ಬಂದಾಗ ಕನ್ನಡ ಮತ್ತೆ ಸಹಾಯಕ್ಕೆ ಬರುತ್ತದೆ. ‘ದ ಡಿಮ್ಯಾಂಡ್ ದಟ್ ದ ಮಿನಿಸ್ಟರ್ ರಿಸೈನ್’ ಅನ್ನುವಲ್ಲಿ ‘ರಿಸೈನ್ಸ್’ ಯಾಕಿಲ್ಲ ಅಂತ ಮಕ್ಕಳು ಕೇಳುತ್ತಾರೆ. ಕನ್ನಡದಲ್ಲಿ ಹೇಳಿಸಿದರೆ ‘ಸಚಿವರು ರಾಜೀನಾಮೆ ಕೊಡಬೇಕು ಎಂಬ ಬೇಡಿಕೆ’. ಅವರು ಇನ್ನೂ ಕೊಟ್ಟಿಲ್ಲ, ಅಲ್ವಾ? ‘ಬೇಕು’ ಇದ್ದಲ್ಲಿ ಕ್ರಿಯಾಪದ ಮೂಲರೂಪದಲ್ಲಿ ಇರಲಿ. ಬ್ರಿಟಿಷರ ಹಾಗೆ ‘ಶುಡ್ ರಿಸೈನ್’ ಅಂದರೂ ಸರಿ. ಡಿಮ್ಯಾಂಡ್, ಪ್ರಪೋಸಲ್, ರೆಕಮೆಂಡೇಷನ್ ಇವಕ್ಕೆಲ್ಲ ಇದೇ ದಾರಿ.

ದಟ್ ಬಿಡಬಹುದಾ ಅನ್ನುವುದು ಕೊನೆಗೆ ಬರುವ ಪ್ರಶ್ನೆ. ‘ಐ ಥಿಂಕ್ ಹಿ ಈಸ್ ರೈಟ್’ ಅಂತ ಬಿಡುತ್ತೇವಲ್ಲ, ಹಾಗೆ ಇಲ್ಲಿಯೂ? ನಾಮಪದ ಆದಮೇಲೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಮಾತಿನಲ್ಲಿ ‘ಐ ಹ್ಯಾಡ್ ಎ ಫೀಲಿಂಗ್ ಯೂ ವುಡ್ ಕಮ್’, ‘ದೇರ್ಸ್ ಎ ಚಾನ್ಸ್ ಇಟ್ ವಿಲ್ ರೇನ್’ ಚೆನ್ನಾಗಿ ನಡೆಯುತ್ತವೆ. ‘ದ ಅನೌನ್ಸ್‌ಮೆಂಟ್ ದ ಕಾಲೇಜ್ ವಿಲ್ ಕ್ಲೋಸ್’ ಅಂತ ಬರೆದರೆ ಓದುವವರು ಎಡವುತ್ತಾರೆ. ದಟ್ ಮತ್ತು ನಾಮಪದದ ನಡುವೆ ಬೇರೆ ಮಾತು ಸೇರಿಕೊಂಡಾಗಲಂತೂ ಬಿಡಲೇಬಾರದು. ‘ನ್ಯೂಸ್ ಕೇಮ್ ದಟ್ ದ ಬ್ರಿಡ್ಜ್ ಹ್ಯಾಡ್ ಫಾಲನ್’ ಅನ್ನುವಲ್ಲಿ ನ್ಯೂಸ್ ಒಂದು ಕಡೆ, ಅದರ ವಿಷಯ ಇನ್ನೊಂದು ಕಡೆ. ಕನ್ನಡದ ‘ಎಂಬ’ ತನ್ನ ನಾಮಪದವನ್ನು ಇಷ್ಟು ದೂರ ಬಿಟ್ಟುಕೊಡುವುದಿಲ್ಲ. ಇಲ್ಲಿ ಮಕ್ಕಳು ‘ಸೇತುವೆ ಬಿತ್ತು ಅಂತ ಸುದ್ದಿ ಬಂತು’ ಅಂತ ‘ಎಂಬ’ ಬಿಟ್ಟು ‘ಅಂತ’ ಹಿಡಿಯುತ್ತಾರೆ. ನಾನು ಹೇಳಿಕೊಟ್ಟಿದ್ದಲ್ಲ, ಅವರೇ ಕಂಡುಕೊಂಡಿದ್ದು. ಈಗ ಬೋರ್ಡಿನ ಮೇಲೆ ಅದನ್ನೂ ಬರೆಯುತ್ತೇನೆ.