ಜನಾಂಗದ ಕಾಲಂ ಕೈಬಿಟ್ಟೆ, ಅಮಿಲಾಯ್ಡ್ ಲೆಕ್ಕ ಕೂತಿತು

ಇಷ್ಟು ಕಡಿಮೆ ಜನರನ್ನಿಟ್ಟುಕೊಂಡು ಏನೂ ಸಿಗಲ್ಲ ಅಂತ ನಮ್ಮ ಗ್ರಾಂಟ್ ಅರ್ಜಿ ನೋಡಿದವರು ಬರೆದಿದ್ದರು. ಸಿಕ್ಕಿತು. ಹಾಗಾಗಿ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಿ.

ಜಗಳ ಇದು: ಆಲ್ಝೈಮರ್‌ನಲ್ಲಿ ಮಿದುಳಲ್ಲಿ ಸೇರುವ ಅಮಿಲಾಯ್ಡ್ ಪ್ರೋಟೀನ್ ಕಪ್ಪು ಅಮೆರಿಕನ್ನರಲ್ಲಿ ಜಾಸ್ತಿಯಾ, ಕಡಿಮೆಯಾ? 2016ರ ಎಆರ್‌ಐಸಿ-ಪೆಟ್ ಎಂಬ ಮಿದುಳು ಸ್ಕ್ಯಾನ್ ಅಧ್ಯಯನದಲ್ಲಿ ಡಿಮೆನ್ಶಿಯಾ ಇಲ್ಲದ ಕಪ್ಪು ಅಮೆರಿಕನ್ನರಲ್ಲಿ ಅಮಿಲಾಯ್ಡ್ ಜಾಸ್ತಿ ಅಂತ ಬಂತು. ಎ4 ಎಂಬ ಆಲ್ಝೈಮರ್ ಔಷಧ ಟ್ರಯಲ್‌ನ ಸ್ಕ್ರೀನಿಂಗ್‌ಗೆ ಬಂದವರಲ್ಲಿ ಉಲ್ಟಾ, ಅವರಲ್ಲೇ ಕಡಿಮೆ. ಎರಡರಲ್ಲೂ ಟ್ರೇಸರ್, ಅಂದರೆ ಅಮಿಲಾಯ್ಡ್‌ಗೆ ಅಂಟಿಕೊಂಡು ಸ್ಕ್ಯಾನ್‌ನಲ್ಲಿ ಹೊಳೆಯುವ ಚುಚ್ಚುಮದ್ದು, ಫ್ಲೋರ್‌ಬೆಟಾಪಿರ್. ಬೇರೆ ಇದ್ದದ್ದು ಜನ: ಅಲ್ಲಿ ವರ್ಷಗಟ್ಟಲೆಯಿಂದ ಗಮನಿಸುತ್ತಾ ಬಂದ ಸಮುದಾಯದವರು, ಇಲ್ಲಿ ತಾವಾಗಿ ಮುಂದೆ ಬಂದ ಗಟ್ಟಿಮುಟ್ಟಾದವರು. ಫಾರಂನಲ್ಲಿ ಟಿಕ್ ಹಾಕಿದ ಜನಾಂಗವನ್ನೇ ನಂಬಿ ಹೊರಟರೆ ಇಂಥ ಜಗಳ ಬಗೆಹರಿಯಲ್ಲ.

ನಾನು ಗುಂಪು ಮಾಡಲೇ ಇಲ್ಲ. ಒಬ್ಬೊಬ್ಬರ ಜೀನೋಮ್‌ನಲ್ಲಿ ಆಫ್ರಿಕಾ ಮೂಲದ ಪಾಲು ಎಷ್ಟು ಅಂತ ತೆಗೆದೆ. 19ನೇ ಕ್ರೋಮೋಸೋಮ್‌ನಲ್ಲಿ ಆಲ್ಝೈಮರ್ ಅಪಾಯಕ್ಕೆ ನಂಟಿರುವ ಏಪೋಇ ಜೀನ್ ಇರುವ ತುಂಡು ಯಾವ ಮೂಲದ್ದು ಅಂತ ಆರ್‌ಎಫ್‌ಮಿಕ್ಸ್ ಸಾಫ್ಟ್‌ವೇರ್‌ನಲ್ಲಿ ಬೇರೆಯಾಗಿ ನೋಡಿದೆ.

ಮೊದಲ ಸುತ್ತು ಮಣ್ಣುಪಾಲು. ಏಪೋಇಯ ಅಪಾಯದ ರೂಪವಾದ ಏಪೋಇ4 ಅನ್ನು ಗುರುತಿಸುವ ಡಿಎನ್‌ಎ ಜಾಗ ಆರ್‌ಎಸ್429358 ನಮ್ಮ ಜೀನ್ ಚಿಪ್‌ನಲ್ಲಿ ಇರಲಿಲ್ಲ, ಇಂಪ್ಯೂಟ್ ಮಾಡಿದ್ದು, ಅಂದರೆ ಸುತ್ತಲಿನ ಡಿಎನ್‌ಎ ನೋಡಿ ಊಹಿಸಿದ್ದು, ಓಲಾಡುತ್ತಿತ್ತು. ಎಲ್ಲರದ್ದನ್ನೂ ಟ್ಯಾಕ್‌ಮ್ಯಾನ್ ಎಂಬ ನೇರ ಜೀನ್ ಪರೀಕ್ಷೆಯಲ್ಲಿ ಮತ್ತೆ ಓಡಿಸಿದೆವು. ಅದು ಪುಡಿಗಾಸು. ದುಡ್ಡು ನುಂಗಿದ್ದು ಟ್ರೇಸರ್ ಡೋಸ್: ಒಂದಕ್ಕೆ ಎರಡು ಮೂರು ಸಾವಿರ ಡಾಲರ್ ಇರಬೇಕು. ಅದರಲ್ಲಿರುವ ವಿಕಿರಣಶೀಲ ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಬರಬೇಕಾದವರು ಟ್ರಾಫಿಕ್‌ನಲ್ಲಿ ಎರಡು ಗಂಟೆ ಸಿಕ್ಕಿಕೊಂಡರೆ ಅರ್ಧಕ್ಕಿಂತ ಜಾಸ್ತಿ ಹೋಯ್ತು. ಬಿಲ್ ಮಾತ್ರ ಪೂರ್ತಿ. ಆಮೇಲೆ ಕೈಕೊಡುವವರು ಬಹಳ ಕಡಿಮೆಯಾದರು. ಹೇಗೆ ಅಂತ ಇಲ್ಲಿ ಹೇಳಲ್ಲ, ಮುಂದಿನ ಗ್ರಾಂಟ್‌ಗೆ ಅದೇ ಬಂಡವಾಳ.

ನಿಜವಾದ ಕಿರಿಕಿರಿ ರೆಫರೆನ್ಸ್ ಜಾಗದ್ದು: ಮಿದುಳಿನ ಹೊಳಪನ್ನು ಯಾವ ಭಾಗದ ಹೊಳಪಿನಿಂದ ಭಾಗಿಸಬೇಕು ಎನ್ನುವುದು. ಭಾಗಿಸಿ ಬರುವ ಸಂಖ್ಯೆಯೇ ಎಸ್‌ಯುವಿಆರ್. ನರತಂತುಗಳ ಭಾಗವಾದ ವೈಟ್ ಮ್ಯಾಟರ್ ಬಳಸಿದರೆ ಸಂಖ್ಯೆ ಅಲುಗಾಡಲ್ಲ ಅಂತ ಎಲ್ಲರೂ ಹೇಳಿದರು. ಆದರೆ ಬಿಪಿ ಹಳೆಯದಾದವರ ವೈಟ್ ಮ್ಯಾಟರ್‌ನಲ್ಲಿ ಕಲೆಗಳಿರುತ್ತವೆ, ಅಲ್ಲಿ ಟ್ರೇಸರ್ ಕಡಿಮೆ ಕೂರುತ್ತದೆ. ಕೆಳಗಿನ ಸಂಖ್ಯೆ ಇಳಿದರೆ ಎಸ್‌ಯುವಿಆರ್ ಸುಮ್ನೆ ಏರುತ್ತದೆ, ಅಲ್ವಾ? ಬಿಪಿ ಎಲ್ಲ ಗುಂಪುಗಳಲ್ಲೂ ಒಂದೇ ಸಮ ಇಲ್ಲವಲ್ಲ. ಇಡೀ ಸೆರೆಬೆಲ್ಲಮ್‌ಗೆ (ಕಿರುಮೆದುಳಿಗೆ) ಬದಲಾಯಿಸಿ, ಅಮಿಲಾಯ್ಡ್‌ನ ಸಾಮಾನ್ಯ ಅಳತೆಗೋಲಾದ ಸೆಂಟಿಲಾಯ್ಡ್‌ಗೆ ತಂದ ಕೂಡಲೇ ಅರ್ಧ ಗೊಂದಲ ಇಳಿಯಿತು. ಸ್ಕ್ಯಾನ್‌ನಲ್ಲಿ ಸೆರೆಬೆಲ್ಲಮ್ ಗುರುತಿಸುವ ಮಾಸ್ಕ್‌ನ ಮೇಲಂಚನ್ನು ಎಷ್ಟು ಕತ್ತರಿಸಿದೆ ಎನ್ನುವುದು ನನ್ನಲ್ಲೇ ಇರಲಿ.

ನಡುವೆ ಟಾವು ಎಂಬ ಇನ್ನೊಂದು ಆಲ್ಝೈಮರ್ ಪ್ರೋಟೀನ್‌ನ ಸ್ಕ್ಯಾನ್‌ಗಳನ್ನೂ ಕೆದಕಿದೆ. ಅದರ ಟ್ರೇಸರ್ ಫ್ಲೋರ್‌ಟಾಸಿಪಿರ್ ಕಪ್ಪು ಜನರ ಕೋರಾಯ್ಡ್ ಪ್ಲೆಕ್ಸಸ್‌ನಲ್ಲಿ (ಮಿದುಳಿನ ದ್ರವ ತಯಾರಿಸುವ ಜಾಗ) ಜಾಸ್ತಿ ಹೊಳೆಯುತ್ತದೆ, ಪಕ್ಕದ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ಗೂ ಸೋರುತ್ತದೆ. ಫ್ಲೋರ್‌ಬೆಟಾಪಿರ್‌ನಲ್ಲೂ ಹಾಗೇ ಇದೆಯಾ ಅಂತ ಹುಡುಕಿದೆ. ನಮಗೆ ಕಾಣಲಿಲ್ಲ. ಒಂದು ಬೇಸಿಗೆ ಅದರಲ್ಲೇ ಹೋಯಿತು.

ಕೊನೆಗೆ ವಯಸ್ಸು, ಏಪೋಇ4, ಬಿಪಿ ಸೇರಿಸಿದಾಗ ಟಿಕ್ ಹಾಕಿದ ಜನಾಂಗಕ್ಕೆ ಹೇಳಲು ಹೆಚ್ಚೇನೂ ಉಳಿಯಲಿಲ್ಲ. ಏಪೋಇ4ರ ಸುತ್ತಲಿನ ತುಂಡು ಆಫ್ರಿಕಾ ಮೂಲದ್ದಾದವರಲ್ಲಿ ಅದರ ಏಟು ಮೆತ್ತಗಿತ್ತು. ಏಪೋಇ4ರ ಎರಡು ಪ್ರತಿ ಇರುವವರು ಬೆರಳೆಣಿಕೆಯಷ್ಟೇ ಸಿಕ್ಕಿದ್ದರು. ಈಗ ಅವರನ್ನೇ ಹುಡುಕುತ್ತಿದ್ದೇವೆ, ಡೋಸ್‌ಗೆ ದುಡ್ಡು ಹೊಂದಿಸುವ ಓಡಾಟವೂ ಶುರುವಾಗಿದೆ.