ಫೀಸಿನ ಜಗಳ ನಿಂತಿದ್ದು ಹೀಗೆ

ಬೆಂಗಳೂರಿನ ಮೇಯೋ ಹಾಲ್ ಹತ್ತಿರ ನಮ್ಮದು ಮೂರು ಜನರ ವಕೀಲಿ ಆಫೀಸು. ಪಾಲು ವಿಭಾಗದ ದಾವೆಗೆ ಮೊದಲೇ ಒಂದು ಮೊತ್ತ ಹೇಳಿಬಿಡುತ್ತಿದ್ದೆ. ಅರ್ಜಿ ಮೇಲೆ ಅರ್ಜಿ ಬಿದ್ದು ಕೇಸು ಎಳೆದರೆ ಖರ್ಚು ನನ್ನ ಕೈಯಿಂದಲೇ ಹೋಗುತ್ತಿತ್ತು. ಜಾಸ್ತಿ ಕೇಳಿದರೆ ಕಕ್ಷಿದಾರರಿಗೆ ಸಿಟ್ಟು. ಬರೋದೇ ಅಲ್ವಾ? ಗೆದ್ದ ಆಸ್ತಿಯಲ್ಲಿ ಪಾಲು ತಗೊಳ್ಳಿ ಎಂದವರೂ ಇದ್ದರು. ಬಾರ್ ಕೌನ್ಸಿಲ್ ನಿಯಮ ಅದಕ್ಕೆ ಒಪ್ಪುವುದಿಲ್ಲ.

ಮೂರು ತಿಂಗಳು ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ಬರೆದಿಟ್ಟೆವು. ಹೊತ್ತು ನುಂಗುತ್ತಿದ್ದದ್ದು ವಾದವಲ್ಲ, ಹಳೇ ಪಹಣಿ, ಕ್ರಯಪತ್ರ ಹುಡುಕುವ ಕೆಲಸ. ಈಗ ಆ ಕಾಗದಗಳನ್ನು ಮೊದಲ ದಿನವೇ ತರಿಸಿಕೊಳ್ಳುತ್ತೇವೆ. ಫೀಸು ಹಂತದ ಲೆಕ್ಕ: ದಾವೆ ಹಾಕಲು ಇಷ್ಟು, ಸಾಕ್ಷಿ, ಪಾಟಿಸವಾಲಿಗೆ ಇಷ್ಟು, ವಾದಕ್ಕೆ ಇಷ್ಟು. ಕೇಸಿನ ನಡುವೆ ಬೀಳುವ ಮಧ್ಯಂತರ ಅರ್ಜಿಗೆ ಬೇರೆ. ನಮ್ಮನ್ನು ವಕೀಲರಾಗಿ ನೇಮಿಸುವ ವಕಾಲತ್ತಿಗೆ ಕಕ್ಷಿದಾರರು ಸಹಿ ಹಾಕುವಾಗಲೇ ಎಲ್ಲ ಬರೆದುಕೊಡುತ್ತೇವೆ.

‘ಹಂಗಾದ್ರೆ ಸುಮ್ನೆ ವಾಯಿದೆ ಬಿದ್ದು ಕೇಸು ಮುಂದಕ್ಕೆ ಹೋದ್ರೆ ದುಡ್ಡಿಲ್ವಾ ಸಾರ್?’ ಎಂದು ಮೊನ್ನೆ ಒಬ್ಬರು ಕೇಳಿದರು. ಇಲ್ಲ ಎಂದೆ. ಅಲ್ಲೇ ಸಹಿ ಹಾಕಿದರು.